ಬ್ರಿಟಿಷ್ ಆರ್ಮರ್ಡ್ ಕಾರುಗಳು ಮತ್ತು ‘ಟ್ವಿಲೈಟ್: 2000’

‘ಟ್ವಿಲೈಟ್: 2000’ ಅಮೆರಿಕದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಸಂಸ್ಥೆ 1984ರಲ್ಲಿ ಹೊರತಂದ ಪಾತ್ರಧಾರಿ ಆಟ. ಅದರ ಮುಖ್ಯ ವಿನ್ಯಾಸಕ ಫ್ರಾಂಕ್ ಚಾಡ್ವಿಕ್. ಮೇಜಿನ ಸುತ್ತ ಕೂತ ನಾಲ್ಕೈದು ಮಂದಿ ತಲಾ ಒಬ್ಬ ಸೈನಿಕನ ಪಾತ್ರ ವಹಿಸುತ್ತಾರೆ, ಸೂತ್ರಧಾರ ಸನ್ನಿವೇಶ ಹೇಳುತ್ತಾನೆ, ಗೆಲುವು ಸೋಲನ್ನು ದಾಳಗಳೂ ಕೋಷ್ಟಕಗಳೂ ತೀರ್ಮಾನಿಸುತ್ತವೆ. ಆಟದ ಕಥೆಯಲ್ಲಿ 1995ರಲ್ಲಿ ಸೋವಿಯತ್ ಒಕ್ಕೂಟಕ್ಕೂ ಚೀನಾಕ್ಕೂ ಹತ್ತಿಕೊಂಡ ಯುದ್ಧ ಯುರೋಪಿಗೆ ಹಬ್ಬುತ್ತದೆ, 1997ರಲ್ಲಿ ಅಣ್ವಸ್ತ್ರಗಳು ಬೀಳುತ್ತವೆ. 2000ದ ಬೇಸಿಗೆಯಲ್ಲಿ ಪೋಲೆಂಡಿನ ಕಾಲಿಶ್ ಪಟ್ಟಣದ ಬಳಿ ಅಮೆರಿಕದ 5ನೇ ಪದಾತಿ ಡಿವಿಜನ್ ಚದುರಿಹೋಗುತ್ತದೆ. ಅಲ್ಲಿಂದಾಚೆಗೆ ಆಟಗಾರರಿಗೆ ಮೇಲಧಿಕಾರಿಯೂ ಇಲ್ಲ, ಪೂರೈಕೆಯ ಲಾರಿಯೂ ಇಲ್ಲ. ಆಟದ ಕೇಂದ್ರದಲ್ಲಿರುವುದು ಅಮೆರಿಕನ್ ಸೈನಿಕರು ಮತ್ತು ಅವರ ವಾಹನಗಳು. ಬ್ರಿಟಿಷ್ ವಾಹನಗಳು ಬಂದದ್ದು ಅಂಚಿನಿಂದ. 1990ರಲ್ಲಿ ಬ್ರಿಟನ್ನಿನ ಬಗ್ಗೆಯೇ ಒಂದು ಪುರವಣಿ ಹೊರಬಂತು. ಅದಲ್ಲದೆ ಫೆರೆಟ್, ಸಲಾಡಿನ್, ಸರಾಸೆನ್, ಫಾಕ್ಸ್ ಮುಂತಾದ ಚಕ್ರದ ಗಾಡಿಗಳನ್ನು ಆಟದ ಅಂಕಿಗಳಿಗೆ ಇಳಿಸುವ ಕೆಲಸವನ್ನು ಆಟಗಾರರೂ ಸೂತ್ರಧಾರರೂ ತಾವೇ ಮಾಡಿಕೊಳ್ಳಬಹುದು. ಹೀಗೆ ಇಳಿಸುವವರು ಮೊದಲು ತುಂಬುವುದು ಕವಚದ ದಪ್ಪ ಮತ್ತು ತೋಪಿನ ಬಲದ ಕಾಲಂಗಳನ್ನು. ಈ ಆಟಕ್ಕೆ ಅವೆರಡೂ ಅತಿ ಕಡಿಮೆ ಹೇಳುವ ಕಾಲಂಗಳು ಎಂಬುದು ಇಲ್ಲಿನ ವಾದ. ಇಂಧನ, ಟಯರು, ಬಿಡಿಭಾಗ ಮತ್ತು ಕಾಡತೂಸಿನ ಲೆಕ್ಕ ಹಿಡಿದರೆ, ನಿಜವಾದ ಸೈನ್ಯ ಹಳತೆಂದು ಬದಿಗಿಟ್ಟ ಈ ಕಾರುಗಳೇ ಆಟದ ಲೋಕದಲ್ಲಿ ಮೇಲೇಳುತ್ತವೆ.

ಈ ಗಾಡಿಗಳ ಸ್ವಭಾವ ಅರ್ಥವಾಗಬೇಕಾದರೆ ಅವುಗಳ ವಂಶ ನೋಡಬೇಕು. 1914ರಲ್ಲಿ ಬ್ರಿಟನ್ನಿನ ನೌಕಾ ವಾಯುದಳ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರಿನ ಚಾಸಿಗೆ ಉಕ್ಕಿನ ತಗಡು ಹೊದಿಸಿ, ಮೇಲೆ ತಿರುಗುವ ಗೋಪುರವಿಟ್ಟು, ಅದರೊಳಗೆ ವಿಕರ್ಸ್ ಮಷಿನ್ ಗನ್ ಕೂರಿಸಿತು. ಪಶ್ಚಿಮ ರಂಗ ಕಂದಕಗಳಲ್ಲಿ ಹೂತುಹೋದ ಮೇಲೆ ಈ ಕಾರುಗಳಿಗೆ ಅಲ್ಲಿ ಕೆಲಸ ಉಳಿಯಲಿಲ್ಲ. ಅರಬ್ ಮರುಭೂಮಿ, ಈಜಿಪ್ಟ್, ಪ್ಯಾಲೆಸ್ಟೈನ್‌ಗಳಲ್ಲಿ ಮಾತ್ರ ಅವು ಕೈಹಿಡಿದವು, ಅರಬ್ ಬಂಡಾಯದ ಜೊತೆಗಿದ್ದ ಬ್ರಿಟಿಷ್ ಅಧಿಕಾರಿ ಟಿ. ಇ. ಲಾರೆನ್ಸ್ ಕೂಡ ಅವನ್ನು ನೆಚ್ಚಿಕೊಂಡಿದ್ದ. ಅವುಗಳ ಮಿತಿ ಕಂಡ ಒಂದು ಪ್ರಸಂಗ ಕನ್ನಡಿಗರಿಗೆ ಪರಿಚಿತವಾದ ಹೈಫಾ ಕದನದ್ದೇ. 1918ರ ಸೆಪ್ಟೆಂಬರ್ 22ರಂದು ಹೈಫಾ ಊರನ್ನು ವಶಪಡಿಸಿಕೊಳ್ಳಲು ಮೊದಲು ಹೊರಟದ್ದು ಕವಚ ಕಾರುಗಳ ಒಂದು ಸಣ್ಣ ದಂಡು. ಫಿರಂಗಿ ಮತ್ತು ಮಷಿನ್ ಗನ್ನಿನ ಗುಂಡಿಗೆ ಸಿಕ್ಕಿ ಅದು ಹಿಂದೆ ಸರಿಯಿತು. ಮರುದಿನ ಮೈಸೂರು ಮತ್ತು ಜೋಧಪುರ ಲ್ಯಾನ್ಸರ್‌ಗಳು ಕುದುರೆಯ ಮೇಲೆ ಊರನ್ನು ಗೆದ್ದರು. ರಸ್ತೆ ಬಿಟ್ಟು ಹೊರಳಲಾಗದ ಕಾರು ಎದುರಿನಿಂದ ಬರುವ ಗುಂಡಿಗೆ ಸುಲಭದ ಗುರಿ, ಕುದುರೆಗೆ ಕಾರ್ಮೆಲ್ ಗುಡ್ಡದ ದಾರಿಯೂ ತೆರೆದಿತ್ತು. ಅಂಥದೇ ಕಾರು ಎದುರಾಳಿ ಕಾಯದ ದಿಕ್ಕಿನಿಂದ ಬಂದರೆ ಕಥೆಯೇ ಬೇರೆ. 1947ರ ನವೆಂಬರ್ 7ರಂದು ಶ್ರೀನಗರದ ಹೊರವಲಯದ ಶಾಲಾಟೆಂಗ್‌ನಲ್ಲಿ ಭಾರತದ 7ನೇ ಲೈಟ್ ಕ್ಯಾವಲ್ರಿಯ ಕೆಲವೇ ಕವಚ ಕಾರುಗಳು ಕಾಶ್ಮೀರಕ್ಕೆ ನುಗ್ಗಿದ್ದ ದಾಳಿಕೋರರ ಬೆನ್ನಿಗೆ ಬಂದು ನಿಂತಾಗ ಅವರ ಸಾಲು ಒಡೆದುಹೋಯಿತು. ಕಾರಿನ ಶಕ್ತಿ ತಗಡಿನಲ್ಲಿರದೆ ಅದು ಬರುವ ದಾರಿ ಮತ್ತು ಹೊತ್ತಿನಲ್ಲಿದೆ ಎಂಬುದನ್ನು ಈ ಎರಡು ಪ್ರಸಂಗಗಳು ಎರಡು ಬದಿಯಿಂದ ತೋರಿಸುತ್ತವೆ. ಆಟದ ಕೋಷ್ಟಕದಲ್ಲಿ ಇದಕ್ಕೆಂದು ಒಂದು ಕಾಲಂ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಡೈಮ್ಲರ್ ಕಂಪನಿಯ ಡಿಂಗೋ ಈ ವಂಶಕ್ಕೆ ಹೊಸ ಅಚ್ಚು ಕೊಟ್ಟಿತು. ಇಬ್ಬರು ಕೂರುವ ತಗ್ಗು ಗಾಡಿ, ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ, ಮುಂದಕ್ಕೆ ಐದು ಗೇರಾದರೆ ಹಿಂದಕ್ಕೂ ಐದು. 1952ರಿಂದ 1971ರವರೆಗೆ ತಯಾರಾದ ಫೆರೆಟ್ ಅದರ ನೇರ ಸಂತಾನ, ಒಟ್ಟು 4,409 ಗಾಡಿಗಳು ಹೊರಬಂದವು. ತೂಕ ನಾಲ್ಕೂಕಾಲು ಟನ್ನಿನ ಸುಮಾರು, ರೋಲ್ಸ್ ರಾಯ್ಸ್ ಬಿ60 ಎಂಬ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಸುಮಾರು 130 ಅಶ್ವಶಕ್ತಿ, ಗಂಟೆಗೆ 93 ಕಿ.ಮೀ. ವೇಗ. ಕವಚ ಅತಿ ದಪ್ಪವಿರುವ ಕಡೆ 16 ಮಿ.ಮೀ., ಅಂದರೆ ರೈಫಲ್ ಗುಂಡನ್ನೂ ಸಿಡಿದ ಚೂರುಗಳನ್ನೂ ತಡೆದೀತು, ಅದಕ್ಕಿಂತ ಹೆಚ್ಚಿನದನ್ನಲ್ಲ. ಒಳಗೆ ಕೂತ ಚಾಲಕನ ಕೆಲಸ ವಿಚಿತ್ರವಾದದ್ದು. ಸ್ಟೀರಿಂಗ್ ಚಕ್ರ ಸಾಮಾನ್ಯ ಕಾರಿನದಕ್ಕೆ ವಿರುದ್ಧ ದಿಕ್ಕಿಗೆ ವಾಲಿರುತ್ತದೆ. ಮುಂದಿನ ಗೇರನ್ನು ಕಡ್ಡಿಯಿಂದ ಮೊದಲೇ ಆರಿಸಿಟ್ಟು, ಬೇಕಾದಾಗ ಎಡಗಾಲಿನ ಪೆಡಲ್ ತುಳಿಯಬೇಕು, ಆಗ ಗೇರು ಬೀಳುತ್ತದೆ. ಪೆಡಲನ್ನು ಪೂರ್ತಿ ಒತ್ತದೆ ಬಿಟ್ಟರೆ ಅದು ರಭಸದಿಂದ ಹಿಂದಕ್ಕೆ ಒದ್ದು ಮೊಣಕಾಲಿಗೆ ಪೆಟ್ಟು ಕೊಡುವುದುಂಟು. ಆಟದ ನಿಯಮ ಚಕ್ರದ ಗಾಡಿಗಳ ಚಾಲನಾ ಕೌಶಲವನ್ನು ಒಂದೇ ಸಂಖ್ಯೆಯಾಗಿ ನೋಡುತ್ತದೆ, ಅಮೆರಿಕನ್ ಜೀಪು ಓಡಿಸಿದವನು ಅದೇ ಅಂಕದಲ್ಲಿ ಫೆರೆಟನ್ನೂ ಓಡಿಸುತ್ತಾನೆ. ಇಂಥ ಕಡೆ ಒಳ್ಳೆಯ ಸೂತ್ರಧಾರ ಮೊದಲ ಕೆಲವು ದಿನಗಳ ಮಟ್ಟಿಗಾದರೂ ದಾಳವನ್ನು ಕಠಿಣ ಮಾಡುತ್ತಾನೆ. ಹಾಗೆ ಮಾಡಿದರೆ ಪಕ್ಕದ ಹಳ್ಳಿಯಲ್ಲಿ ಸಿಗುವ ಮಾಜಿ ಬ್ರಿಟಿಷ್ ಚಾಲಕನೊಬ್ಬ ಗುಂಡಿನ ಪೆಟ್ಟಿಗೆಗಿಂತ ಬೆಲೆಬಾಳುತ್ತಾನೆ.

ವಾದದ ತಿರುಳಿರುವುದು ಇಂಧನದಲ್ಲಿ. ‘ಟ್ವಿಲೈಟ್: 2000’ರಲ್ಲಿ ಪೆಟ್ರೋಲ್ ಬಂಕುಗಳಿಲ್ಲ. ಆಟಗಾರರು ಭಟ್ಟಿ ಇಟ್ಟು ತಾವೇ ಮದ್ಯಸಾರ ಇಳಿಸಿಕೊಳ್ಳಬೇಕು, ಪ್ರತಿ ನಾಲ್ಕು ಗಂಟೆಯ ಅವಧಿಗೆ ಗಾಡಿ ಎಷ್ಟು ಕುಡಿಯಿತೆಂದು ಬರೆದಿಡಬೇಕು. ಒಂದು ಟನ್ ಧಾನ್ಯದಿಂದ ಇಳಿಯುವ ಎಥನಾಲ್ ಹೆಚ್ಚೂಕಡಿಮೆ 400 ಲೀಟರಿನ ಒಳಗೆ. ಅದರ ಒಂದು ಲೀಟರಿನಲ್ಲಿರುವ ಶಾಖ ಪೆಟ್ರೋಲಿನ ಮೂರನೇ ಎರಡು ಪಾಲು ಮಾತ್ರ. ಫೆರೆಟ್‌ನ ಟ್ಯಾಂಕಿ 96 ಲೀಟರಿನದು, ಪೆಟ್ರೋಲಿನಲ್ಲಿ ಅದು ಸುಮಾರು 300 ಕಿ.ಮೀ. ಓಡುತ್ತದೆ, ಮದ್ಯಸಾರದಲ್ಲಿ 200. ಅಷ್ಟು ಎಥನಾಲಿಗೆ ಕಾಲು ಟನ್ ಧಾನ್ಯ ಬೇಕು. ತಲೆಗೆ ದಿನಕ್ಕೆ ಅರ್ಧ ಕಿಲೋ ಎಂದರೆ ಅದು ಐವತ್ತು ಮಂದಿಯ ಒಂದು ಹಳ್ಳಿಗೆ ಹತ್ತು ದಿನದ ಊಟ. ಇದೇ ಅಳತೆಯಲ್ಲಿ ಅಮೆರಿಕದ ಎಂ1 ಏಬ್ರಮ್ಸ್ ಟ್ಯಾಂಕನ್ನು ನೋಡಿ. ಅದರ ಟರ್ಬೈನ್ ಎಂಜಿನ್ ಉರಿಯುವ ದ್ರವ ಯಾವುದಾದರೂ ಒಲ್ಲೆನ್ನುವುದಿಲ್ಲ, ಆದರೆ ಟ್ಯಾಂಕಿ ತುಂಬಲು ಸುಮಾರು 1,900 ಲೀಟರ್ ಬೇಕು. ಅಂದರೆ ಐದು ಟನ್ನಿನಷ್ಟು ಧಾನ್ಯ, ಅದೇ ಹಳ್ಳಿಯ ಆರು ತಿಂಗಳಿಗೂ ಮೀರಿದ ಊಟ. ಓಡುವ ದೂರವಾದರೂ ಫೆರೆಟ್‌ಗಿಂತ ಬಹಳವೇನೂ ಹೆಚ್ಚಲ್ಲ. ಕವಚದ ಕಾಲಂನಲ್ಲಿ ಎಂ1 ಆನೆಯಾದರೆ ಫೆರೆಟ್ ಇಲಿ ಎನ್ನುವವರು ಆನೆಯ ಮೇವಿನ ಲೆಕ್ಕ ಹಾಕಿರುವುದಿಲ್ಲ. ಈ ಲೆಕ್ಕ ಆಟದೊಳಗೆ ಬಂದ ಕೂಡಲೇ ಕಥೆಯೂ ಬದಲಾಗುತ್ತದೆ. ಟ್ಯಾಂಕು ಇಟ್ಟುಕೊಂಡ ತಂಡ ಹಳ್ಳಿಗಳನ್ನು ಸುಲಿಯದೆ ಬದುಕಲಾರದು, ಫೆರೆಟ್ ಇಟ್ಟುಕೊಂಡ ತಂಡ ಚೌಕಾಸಿ ಮಾಡಿ ಬದುಕಬಲ್ಲದು.

ಇದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಪೆಟ್ರೋಲ್ ಎಂಜಿನ್ ಸೈನಿಕರ ಪಾಲಿಗೆ ಶಾಪ, ಗುಂಡು ತಗುಲಿದರೆ ಬೇಗ ಹೊತ್ತಿಕೊಳ್ಳುತ್ತದೆ, ಹೆಚ್ಚು ಕುಡಿಯುತ್ತದೆ, ಅದಕ್ಕೇ ಎಲ್ಲ ಸೈನ್ಯಗಳೂ ಡೀಸೆಲ್‌ಗೆ ಹೊರಳಿದವು ಎಂದು. ನಿಜವೇ. ಆದರೆ ಅದು ರಿಫೈನರಿಗಳು ನಡೆಯುತ್ತಿರುವ ಲೋಕದ ಮಾತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ, ಒತ್ತಡದ ಬಿಸಿಗೇ ಇಂಧನ ಹೊತ್ತಿಕೊಳ್ಳಬೇಕು, ಮದ್ಯಸಾರ ಹಾಗೆ ಸುಲಭಕ್ಕೆ ಹೊತ್ತುವ ಜಾತಿಯದಲ್ಲ. ಪೆಟ್ರೋಲ್ ಎಂಜಿನ್ನಿಗೆ ಕಾರ್ಬ್ಯುರೇಟರಿನ ಜೆಟ್ ರಂಧ್ರ ದೊಡ್ಡದು ಮಾಡಿ, ಕಿಡಿಯ ಹೊತ್ತನ್ನು ಸರಿಹೊಂದಿಸಿದರೆ ಸಾಕು, ಹಳ್ಳಿಯ ಮೆಕ್ಯಾನಿಕ್ ಮಾಡಬಲ್ಲ ಕೆಲಸ. ಅದೂ ಅಲ್ಲದೆ ರೋಲ್ಸ್ ರಾಯ್ಸ್ ಬಿ ಸರಣಿಯ ಎಂಜಿನ್‌ಗಳನ್ನು ಕೀಳು ದರ್ಜೆಯ ಪೆಟ್ರೋಲಿನಲ್ಲೂ ನಡೆಯಲೆಂದೇ ಕಡಿಮೆ ಒತ್ತಡದವಾಗಿ ಕಟ್ಟಿದ್ದರು. ಹಾಗೆಂದು ಫೆರೆಟ್‌ಗೆ ಪೂರ್ಣಾಂಕ ಕೊಡಬೇಕಿಲ್ಲ. ಮದ್ಯಸಾರ ರಬ್ಬರಿನ ಸೀಲುಗಳನ್ನು ತಿನ್ನುತ್ತದೆ, ಗಾಳಿಯ ತೇವ ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಚಳಿಯಲ್ಲಿ ಆವಿಯಾಗಲು ಹಠ ಮಾಡುತ್ತದೆ. ಪೋಲೆಂಡಿನ ಜನವರಿ ಬೆಳಗಿನಲ್ಲಿ ಎಥನಾಲ್ ತುಂಬಿದ ಫೆರೆಟ್ ಒಂದೇ ಸಲಕ್ಕೆ ಎದ್ದು ಕೂರುವುದಿಲ್ಲ. ಬೆಚ್ಚಗಿಡಬೇಕು, ಇಲ್ಲವೇ ಚಾಲೂ ಮಾಡುವಷ್ಟಕ್ಕೆಂದು ಒಂದು ಬಾಟಲಿ ನಿಜವಾದ ಪೆಟ್ರೋಲನ್ನು ಜೋಪಾನವಾಗಿಟ್ಟಿರಬೇಕು. ಆ ಒಂದು ಬಾಟಲಿ ಯಾರ ಕೈಯಲ್ಲಿರುತ್ತದೆ ಎಂಬುದರ ಮೇಲೆ ಒಂದು ಇಡೀ ಸಂಜೆಯ ಆಟ ನಡೆಸಬಹುದು. ಸಾವಿರ ಮಿಲಿಮೀಟರ್ ಕವಚದ ಅಂಕಿಯಿಂದ ಅಂಥದ್ದು ಹುಟ್ಟುವುದಿಲ್ಲ.

ಸಲಾಡಿನ್ ಇದೇ ತತ್ವವನ್ನು ಇನ್ನೊಂದು ಕಡೆಗೆ ಒಯ್ಯುತ್ತದೆ. ಆಲ್ವಿಸ್ ಕಂಪನಿ 1958ರಿಂದ 1972ರವರೆಗೆ 1,177 ಸಲಾಡಿನ್‌ಗಳನ್ನು ಮಾಡಿತು: ಆರು ಚಕ್ರ, ಹನ್ನೊಂದೂವರೆ ಟನ್, ಮೂವರು ಸಿಬ್ಬಂದಿ, 76 ಮಿ.ಮೀ. ತೋಪು, 42 ಶೆಲ್ಲುಗಳು, 241 ಲೀಟರಿನ ಟ್ಯಾಂಕಿ. ಸೈನಿಕರನ್ನು ಹೊರುವ ಸರಾಸೆನ್ ಅದರ ಒಡಹುಟ್ಟು. ಮಲಯದಲ್ಲಿ ತುರ್ತು ಪರಿಸ್ಥಿತಿ ಇದ್ದು ಅಲ್ಲಿಗೆ ಇಂಥ ಗಾಡಿ ಬೇಗ ಬೇಕಾದ್ದರಿಂದ ತಮ್ಮನಾಗಬೇಕಿದ್ದ ಸರಾಸೆನ್ 1952ರಲ್ಲೇ ಮೊದಲು ಹುಟ್ಟಿತು. ಎರಡರಲ್ಲೂ ಇರುವುದು ಬಿ80 ಎಂಬ ಎಂಟು ಸಿಲಿಂಡರಿನ ಎಂಜಿನ್, ಅಂದರೆ ಫೆರೆಟ್‌ನ ಬಿ60ರ ಅಣ್ಣ. ಬ್ರಿಟಿಷ್ ಸೈನ್ಯ ಯುದ್ಧದ ನಂತರ ನಾಲ್ಕು, ಆರು, ಎಂಟು ಸಿಲಿಂಡರಿನ ಎಂಜಿನ್‌ಗಳನ್ನು ಒಂದೇ ಕುಟುಂಬವಾಗಿ ಕಟ್ಟಿಸಿತ್ತು, ಪಿಸ್ಟನ್, ವಾಲ್ವುಗಳಂಥ ಎಷ್ಟೋ ಭಾಗಗಳು ಒಂದರಿಂದ ಇನ್ನೊಂದಕ್ಕೆ ಹೊಂದುತ್ತವೆ. ಹೊಸ ಭಾಗ ಎಲ್ಲೂ ತಯಾರಾಗದ ಆಟದ ಲೋಕದಲ್ಲಿ ಇದರ ಅರ್ಥ ದೊಡ್ಡದು. ರಸ್ತೆ ಬದಿಯಲ್ಲಿ ಸುಟ್ಟುಬಿದ್ದ ಸರಾಸೆನ್‌ನಿಂದ ಬಿಚ್ಚಿದ ಸಾಮಾನು ಫೆರೆಟ್‌ಗೆ ಉಸಿರು ಕೊಟ್ಟೀತು. ಆಟದ ನಿಯಮ ಪ್ರತಿ ಗಾಡಿಗೂ ಸವೆತದ ಒಂದು ಅಂಕ ಕೊಟ್ಟು, ಇಷ್ಟು ಗಂಟೆ ರಿಪೇರಿ ಎಂದು ಸುಮ್ಮನಾಗುತ್ತದೆ. ಯಾವ ಗಾಡಿ ಯಾವುದಕ್ಕೆ ಸಂಬಂಧಿ ಎಂದು ಅದು ಕೇಳುವುದಿಲ್ಲ. ಸಲಾಡಿನ್‌ಗೆ ಕೊಡುವ ವಿವರದಲ್ಲಿ ಈ ನಂಟುತನ ಒಂದು ಸಾಲಾಗಿಯಾದರೂ ಇರಲೇಬೇಕು.

ಅದೇ ಉಸಿರಿನಲ್ಲಿ ಅದರ ರೋಗವನ್ನೂ ಬರೆಯಬೇಕು. ಡಿಂಗೋದಿಂದ ಸಲಾಡಿನ್‌ವರೆಗೆ ಈ ಗಾಡಿಗಳಲ್ಲಿ ಎಂಜಿನ್ನಿನ ಶಕ್ತಿ ನಡುವೆ ಇಬ್ಭಾಗವಾಗಿ, ಎಡಬಲದ ಉದ್ದನೆಯ ಶಾಫ್ಟುಗಳ ಮೂಲಕ ಚಕ್ರಗಳನ್ನು ಸೇರುತ್ತದೆ. ನಡುವೆ ಕಾರ್ಡನ್ ಶಾಫ್ಟ್ ಹಾದುಹೋಗದ ಕಾರಣ ಗಾಡಿಯ ನೆಲ ತಗ್ಗಾಗಿಯೇ ಉಳಿಯುತ್ತದೆ, ಅದು ಲಾಭ. ನಷ್ಟವೆಂದರೆ ಒಂದು ಬದಿಯ ಚಕ್ರಗಳೆಲ್ಲ ಒಂದೇ ವೇಗದಲ್ಲಿ ಸುತ್ತಲೇಬೇಕು. ಮಣ್ಣಿನಲ್ಲಿ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಡಾಂಬರಿನ ಮೇಲೆ ಹೆಚ್ಚು ಹೊತ್ತು ಓಡಿದರೆ ಜಾರಲು ಜಾಗವಿಲ್ಲದೆ ಶಾಫ್ಟುಗಳು ಹಗ್ಗ ಹುರಿಗೊಂಡ ಹಾಗೆ ಬಿಗಿಯುತ್ತವೆ, ಕೊನೆಗೆ ಚಕ್ರದ ಬಳಿಯ ಗೇರುಪೆಟ್ಟಿಗೆ ಮುರಿಯುತ್ತದೆ. ಒಂದು ಟಯರು ಹೊಸದು, ಪಕ್ಕದ್ದು ಸವೆದದ್ದು ಆದರಂತೂ ಕೇಡು ಇನ್ನೂ ಬೇಗ. ಸಿಕ್ಕಿದ ಟಯರು ಸಿಕ್ಕಿದ ಕಡೆ ಹಾಕಿಕೊಳ್ಳುವುದೇ ಗತಿಯಾದ ಆಟದಲ್ಲಿ ಇದಕ್ಕಿಂತ ಚೆನ್ನಾದ ತೊಡಕು ಬೇರೆಲ್ಲಿ ಸಿಗುತ್ತದೆ? ಬದಲಿಗೆ ಆರು ಚಕ್ರದ ಸಲಾಡಿನ್ ನೆಲಬಾಂಬಿಗೆ ಒಂದು ಚಕ್ರ ಕಳೆದುಕೊಂಡರೂ ಕುಂಟುತ್ತಾ ಹೊರಬರಬಲ್ಲದು, ಸರಪಳಿ ಕಡಿದ ಟ್ಯಾಂಕು ನಿಂತಲ್ಲೇ ನಿಲ್ಲುತ್ತದೆ. ‘ಸಸ್ಪೆನ್ಷನ್‌ಗೆ ಪೆಟ್ಟು, ಗಾಡಿ ನಿಂತಿತು’ ಎಂಬ ಒಂದೇ ತೀರ್ಪನ್ನು ಎರಡಕ್ಕೂ ಅನ್ವಯಿಸುವುದು ಆಟದ ಸೌಕರ್ಯಕ್ಕಾಗಿ ವಾಸ್ತವಕ್ಕೆ ಮಾಡುವ ಮೋಸ.

ಕಾಡತೂಸಿನ ವಿಷಯದಲ್ಲಿ ಕೋಷ್ಟಕಗಳು ಇನ್ನಷ್ಟು ಸುಲಭವಾಗಿ ಎಡವುತ್ತವೆ. ಫೆರೆಟ್ ಮತ್ತು ಸಲಾಡಿನ್‌ಗಳ ಬ್ರೌನಿಂಗ್ ಮಷಿನ್ ಗನ್ನಿನ ವ್ಯಾಸ 7.62 ಮಿ.ಮೀ., ನೇಟೋ ಸೈನಿಕರ ಮಷಿನ್ ಗನ್ನಿನದೂ ಅಷ್ಟೇ. ಆದ್ದರಿಂದ ಒಂದೇ ಗುಂಡು ಎಂದು ಬರೆದುಬಿಡುತ್ತಾರೆ. ಆದರೆ ಬ್ರೌನಿಂಗ್‌ನ ಕಾಡತೂಸಿನ ಕೊಳವೆ 63 ಮಿ.ಮೀ. ಉದ್ದ, ನೇಟೋದ್ದು 51, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಕೆಲವು ಗಾಡಿಗಳಿಗೆ ಮುಂದೆ ನೇಟೋ ಗುಂಡಿನ ಗನ್ ಹಾಕಿದ್ದೂ ಉಂಟು. ಹಾಗಾಗಿ ಸಿಕ್ಕ ಫೆರೆಟ್‌ನಲ್ಲಿ ಯಾವ ಗನ್ ಇದೆ ಎಂಬುದೇ ಸೂತ್ರಧಾರನ ಕೈಯಲ್ಲಿರುವ ಒಂದು ತುರುಪು. ಸಲಾಡಿನ್‌ನ 76 ಮಿ.ಮೀ. ಶೆಲ್ಲು ಮಾತ್ರ ಸರಪಳಿಯ ಮೇಲೆ ಓಡುವ ಸ್ಕಾರ್ಪಿಯನ್ ಎಂಬ ಲಘು ಟ್ಯಾಂಕಿಗೂ ಹೊಂದುತ್ತದೆ. 1973ರಲ್ಲಿ ಸೇವೆಗೆ ಬಂದ ಫಾಕ್ಸ್ ಅಂಕಿಗಳಲ್ಲಿ ಫೆರೆಟ್‌ಗಿಂತ ಎಷ್ಟೋ ಮೇಲು: ಅಲ್ಯೂಮಿನಿಯಂ ಕವಚ, ಜಾಗ್ವಾರ್ ಕಾರಿನ 4.2 ಲೀಟರ್ ಎಂಜಿನ್, ಗಂಟೆಗೆ ನೂರನ್ನು ದಾಟುವ ವೇಗ, 30 ಮಿ.ಮೀ. ರಾರ್ಡೆನ್ ತೋಪು. ಆ ತೋಪಿಗೆ ಗುಂಡುಗಳನ್ನು ಮೂರು ಮೂರರ ಕ್ಲಿಪ್ಪಿನಲ್ಲಿ ಕೈಯಿಂದ ತುಂಬಬೇಕು, ಒಮ್ಮೆಗೆ ಆರೇ ಗುಂಡು. ಆಟದಲ್ಲಿ ಇದನ್ನು ಸಾಮಾನ್ಯ ಸ್ವಯಂಚಾಲಿತ ತೋಪಿನಂತೆ ಧಾರಾಳವಾಗಿ ಸುರಿಯಲು ಬಿಟ್ಟರೆ ಫಾಕ್ಸ್ ತಾನಲ್ಲದ ಗಾಡಿಯಾಗುತ್ತದೆ. ನಿಖರತೆಯಲ್ಲಿ ಅದು ಗೆಲ್ಲಬೇಕು, ಸುರಿಮಳೆಯಲ್ಲಿ ಸೋಲಬೇಕು. ಎತ್ತರದ ಗೋಪುರದಿಂದಾಗಿ ತಿರುವಿನಲ್ಲಿ ಮಗುಚುತ್ತದೆಂಬ ಅಪಖ್ಯಾತಿಯೂ ಅದಕ್ಕಿತ್ತು.

ಇಷ್ಟೆಲ್ಲ ತುಂಬಿದರೆ ಆಟ ಲೆಕ್ಕಪತ್ರದ ಕಚೇರಿಯಾಗುವುದಿಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. 2021ರಲ್ಲಿ ಸ್ವೀಡನ್ನಿನ ಫ್ರೀ ಲೀಗ್ ಸಂಸ್ಥೆ ತಂದ ನಾಲ್ಕನೇ ಆವೃತ್ತಿ ಹಳೆಯ ಕೋಷ್ಟಕಗಳನ್ನು ಬಹಳವಾಗಿ ಇಳಿಸಿಕೊಂಡಿದ್ದು ಈ ಬೇಸರ ನೀಗಿಸಲಿಕ್ಕೇ ಇದ್ದೀತು. ಆದರೆ ಮೇಲಿನ ವಾದ ಹೆಚ್ಚು ಕಾಲಂ ಬೇಕೆಂದಲ್ಲ. ಹಳೆಯ ಆವೃತ್ತಿಗಳಲ್ಲಿ ಗೋಪುರದ ಮುಂದೆ, ಪಕ್ಕ, ಹಿಂದೆ, ಒಡಲಿನ ಮುಂದೆ, ಪಕ್ಕ, ಹಿಂದೆ ಎಂದು ಕವಚಕ್ಕೇ ಆರು ಅಂಕಿಗಳಿವೆ. 16 ಮಿ.ಮೀ. ತಗಡಿನ ಗಾಡಿಗೆ ಆರರಲ್ಲಿ ಐದು ದಂಡ: ರೈಫಲ್ ಗುಂಡೂ ಸಿಡಿದ ಚೂರೂ ಒಳಬರುವುದಿಲ್ಲ, ಉಳಿದದ್ದೆಲ್ಲ ಬರುತ್ತದೆ, ಇಷ್ಟು ಹೇಳಿದರೆ ಮುಗಿಯಿತು. ಉಳಿದ ಜಾಗದಲ್ಲಿ ಇಂಧನದ ಜಾತಿ, ಟಯರಿನ ಸ್ಥಿತಿ, ಯಾವ ಕಾಡತೂಸು, ಯಾವ ಗಾಡಿಯ ಬಿಡಿಭಾಗ ಹೊಂದುತ್ತದೆ ಎಂಬ ನಾಲ್ಕು ಮಾತು ಹಿಡಿಸುತ್ತವೆ. ದಾಳ ಉರುಳಿಸುವ ಸಲ ಹೆಚ್ಚುವುದಿಲ್ಲ, ಉರುಳಿಸುವ ಕಾರಣ ಬದಲಾಗುತ್ತದೆ.

ಮತ್ತೊಂದು ತಕರಾರು ಕಾಲದ್ದು. 2000ದ ಪೋಲೆಂಡಿನಲ್ಲಿ ಫೆರೆಟ್ ಎಲ್ಲಿತ್ತು? ಫಾಕ್ಸ್ 1990ರ ದಶಕದ ಮೊದಲರ್ಧದಲ್ಲೇ ಸೇವೆ ಬಿಟ್ಟಿತು, ಅದರ ಗೋಪುರಗಳನ್ನು ಸ್ಕಾರ್ಪಿಯನ್ ಒಡಲಿಗೆ ಕೂರಿಸಿ ಸೇಬರ್ ಎಂದು ಕರೆದರು. ಆದರೆ ಆಟದ ಇತಿಹಾಸದಲ್ಲಿ ಶೀತಲ ಸಮರ ಮುಗಿಯುವುದೇ ಇಲ್ಲ, ಮುಗಿಯದ ಸಮರದಲ್ಲಿ ಯಾವ ಸೈನ್ಯವೂ ಗೋದಾಮು ಖಾಲಿ ಮಾಡುವುದಿಲ್ಲ. ನಿಜದ ಇತಿಹಾಸವೂ ಈ ಊಹೆಯ ಪರವಾಗಿದೆ. 1950ರ ದಶಕದ ಫೆರೆಟ್ 1991ರ ಕೊಲ್ಲಿ ಯುದ್ಧದಲ್ಲೂ ಓಡಾಡಿತು. ಅದಕ್ಕೆ ಮುಂಚಿನ ವರ್ಷ ಇರಾಕಿ ಸೈನ್ಯ ಒಳನುಗ್ಗಿದಾಗ ಕುವೈತ್ ಬಳಿ ಇನ್ನೂ ಸಲಾಡಿನ್‌ಗಳಿದ್ದವು. ಬಿ60 ಎಂಜಿನ್ನಿನದೇ ಆದ ಹಂಬರ್ ಪಿಗ್ ಎಂಬ ಗಾಡಿಯನ್ನು ಬ್ರಿಟಿಷ್ ಸೈನ್ಯ ಬೇಡವೆಂದು ವಿಲೇವಾರಿ ಮಾಡಲು ಹೊರಟಿತ್ತು, 1969ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಗಲಭೆ ಎದ್ದಾಗ ಮಾರಿದವುಗಳಲ್ಲಿ ಕೆಲವನ್ನು ಮತ್ತೆ ಕೊಂಡು ತಂದಿತು. ಸರಪಳಿ ಗಾಡಿಗಳು ಕೆಸರಿನಲ್ಲೂ ಹೊಲದಲ್ಲೂ ಚಕ್ರಕ್ಕಿಂತ ಮೇಲೆಂಬುದನ್ನು ಯಾರೂ ಅಲ್ಲಗಳೆಯಲಾರರು. ವಸಂತದಲ್ಲಿ ಹಿಮ ಕರಗಿದ ಪೋಲೆಂಡಿನ ಹೊಲದಲ್ಲಿ ಫೆರೆಟ್ ಹೂತುಹೋಗುತ್ತದೆ, ಹೋಗಲೇಬೇಕು. ಆಗ ರಸ್ತೆಯೇ ಗತಿ, ರಸ್ತೆಯಲ್ಲಿ ಸೇತುವೆಗಳಿವೆ, ಸೇತುವೆಗೆ ಕಾವಲಿದೆ. ಅರವತ್ತು ಟನ್ನಿನ ಟ್ಯಾಂಕು ದಾಟಲಾಗದ ಹಳ್ಳಿಯ ಮರದ ಸೇತುವೆಯನ್ನು ನಾಲ್ಕು ಟನ್ನಿನದು ದಾಟುತ್ತದೆ ಎಂಬುದೂ ಅಲ್ಲೇ ಇದೆ.

ಇದೇ ಅಳತೆಗೋಲಿನಲ್ಲಿ ಕೆಳಗಿಳಿಯುವ ಬ್ರಿಟಿಷ್ ಗಾಡಿಯೂ ಒಂದಿದೆ. ಸ್ಯಾಕ್ಸನ್ 1980ರ ದಶಕದ್ದು, ಬೆಡ್‌ಫರ್ಡ್ ಲಾರಿಯ ಭಾಗಗಳ ಮೇಲೆ ಕಟ್ಟಿದ್ದು. ಬ್ರಿಟನ್ನಿನಲ್ಲಿದ್ದ ಪದಾತಿಗಳನ್ನು ಯುದ್ಧ ಬಂದಾಗ ರಸ್ತೆಯ ಮೇಲೆ ಓಡಿಸಿಕೊಂಡು ಜರ್ಮನಿಗೆ ಮುಟ್ಟಿಸುವುದೇ ಅದರ ಕೆಲಸ. ಫೆರೆಟ್‌ಗಿಂತ ಹೊಸದು, ಹೆಚ್ಚು ಜನ ಹಿಡಿಸುತ್ತದೆ, ಕೋಷ್ಟಕದಲ್ಲಿ ಅದರ ಸಾಲು ಮಿಂಚುತ್ತದೆ. ಆದರೆ ಎಂಜಿನ್ ಡೀಸೆಲ್ಲಿನದು, ಭಟ್ಟಿಯ ಮದ್ಯಸಾರ ಅದಕ್ಕೆ ಒಗ್ಗದು, ಸೂರ್ಯಕಾಂತಿ ಅಥವಾ ಸಾಸಿವೆ ಜಾತಿಯ ಎಣ್ಣೆ ಹಿಂಡುವ ಗಾಣ ಹತ್ತಿರದಲ್ಲಿದ್ದರಷ್ಟೇ ಬದುಕು. ಅದರ ಪಾಲಿಗೆ ಉಳಿಯುವ ಅನುಕೂಲವೆಂದರೆ ಬೆಡ್‌ಫರ್ಡ್ ಲಾರಿಗಳು ಎಲ್ಲೆಲ್ಲೂ ಇದ್ದವು ಎಂಬುದು, ಬಿಡಿಭಾಗಕ್ಕೆ ಬರವಿಲ್ಲ. 2015ರಲ್ಲಿ ಹಳೆಯ ಸ್ಯಾಕ್ಸನ್‌ಗಳು ಉಕ್ರೇನಿಗೆ ಹೋದಾಗ ತೆಳು ಕವಚದ ಹಳೇ ಸರಕೆಂಬ ಟೀಕೆ ಕೇಳಿಬಂತು, ಆದರೂ ಓಡುವ ಗಾಡಿ ಬೇಕಿದ್ದ ಸೈನ್ಯ ಅವನ್ನು ಬಳಸಿಕೊಂಡಿತು. ಲ್ಯಾಂಡ್ ರೋವರ್ ಚಾಸಿಯ ಮೇಲೆ ಕಟ್ಟಿದ, ಉತ್ತರ ಐರ್ಲೆಂಡಿನ ಪೊಲೀಸರಿಗೆಂದು 1960ರ ದಶಕದಲ್ಲಿ ಬಂದ ಶಾರ್ಲೆಂಡ್ ಆಟಗಾರರ ಕಣ್ಣಿಗೆ ಬೀಳುವುದು ಅಪರೂಪ. ಯುದ್ಧಭೂಮಿಯ ಲೆಕ್ಕಕ್ಕೆ ಅದು ಗಾಡಿಯೇ ಅಲ್ಲ. ಆದರೆ ಬ್ರಿಟನ್ನಿನ ನೆಲದಲ್ಲೇ ಆಟ ನಡೆಸುವ ಸೂತ್ರಧಾರನಿಗೆ ಪೆಟ್ರೋಲ್ ಎಂಜಿನ್ನಿನ, ಯಾವ ಊರಿನಲ್ಲೂ ಬಿಡಿಭಾಗ ಸಿಗುವ, ಸಣ್ಣದೊಂದು ಗೋಪುರವಿರುವ ಆ ಲ್ಯಾಂಡ್ ರೋವರ್ ಸಲಾಡಿನ್‌ಗಿಂತ ಮೊದಲು ಬರೆದುಕೊಳ್ಳಬೇಕಾದ ಸಾಲು.